ಕಮಲಕ್ಕ ಕಾಯಿಸುತ್ತಿದ್ದ ನೀರು

೨೨ ನವೆಂಬರ್ ೧೯೮೭, ಬೋರಗಾಂವ

ಕಮಲಕ್ಕಾ, ಮೈಯಲ್ಲಿ ಹುಷಾರಾಗಿದ್ದೀಯಾ? ಮೊಣಕಾಲಿನ ನೋವು ಹೇಗಿದೆ? ಕಬ್ಬೂರಿನಲ್ಲಿ ನಮ್ಮ ತಂಗಿ ಕುಸುಮಳ ಕೆಮ್ಮು ಇಳಿಯಿತಂತೇನು? ಅವಳ ಯಜಮಾನರು ತಾತ್ಯಾಸಾಹೇಬರು ಉಪ್ಪು ಬಿಟ್ಟಿದ್ದಾರೋ, ಕದ್ದು ಉಪ್ಪಿನಕಾಯಿ ತಿನ್ನುತ್ತಿದ್ದಾರೋ? ಇಲ್ಲಿ ನಾನು ಬಾಪು, ಹಿತ್ತಲಿನ ಬೆಕ್ಕು, ಇಬ್ಬರೂ ಇದ್ದೇವೆ.

ಬರೆದ ಮೇಲೆ ನಗು ಬಂತು. ಇದು ಪತ್ರವಲ್ಲ. ನೂಲಿನ ಅಂಗಡಿಯವರು ವರ್ಷದ ಮೊದಲಿಗೆ ಕೊಟ್ಟ ಡೈರಿ, ಗೂಡಿನಲ್ಲಿ ಖಾಲಿ ಬಿದ್ದಿತ್ತು. ಮಾತಾಡಲು ಮನೆಯಲ್ಲಿ ಯಾರೂ ಇಲ್ಲವಲ್ಲ, ಬರೆಯೋಣ ಎಂದು ಕೂತರೆ ಕೈ ತಾನಾಗಿಯೇ ಎಲ್ಲರ ಕ್ಷೇಮ ಕೇಳಿತು. ನಾಲ್ಕನೇ ಇಯತ್ತೆಗೆ ಮರಾಠಿ ಶಾಲೆ ಬಿಟ್ಟವನು ನಾನು. ಕನ್ನಡ ಅಕ್ಷರ ಕಲಿತದ್ದು ಅಕ್ಕ ಶಾಸ್ತ್ರ ಓದುವಾಗ ಪಕ್ಕದಲ್ಲಿ ಕೂತು, ಅವಳ ಬೆರಳಿನ ಹಿಂದೆ ಕಣ್ಣು ಓಡಿಸಿ. ಆಮೇಲೆ ಬರೆದದ್ದೆಲ್ಲ ನೆಂಟರಿಗೆ ಪತ್ರಗಳೇ. ಬೇರೆ ಬರವಣಿಗೆ ಗೊತ್ತಿಲ್ಲ.

ಅಕ್ಕ ಹೋಗಿ ಎಂಟು ದಿನವಾಯಿತು. ಮಳೆಗಾಲದ ನಾಲ್ಕು ತಿಂಗಳು ನಮ್ಮೂರ ಬಸದಿಯಲ್ಲಿ ಇದ್ದ ಮಾತಾಜಿಯವರ ಸಂಘ ಕಾಗವಾಡದ ಕಡೆ ನಡೆಯಿತು. ಅವರ ಹಿಂದೆ ಇವಳೂ ನಡೆದಳು. ದೀಕ್ಷೆ ತೆಗೆದುಕೊಳ್ಳುತ್ತಾಳಂತೆ. ಮನೆಯವರ ಪರವಾನಗಿ ಇಲ್ಲದೆ ಕೊಡುವುದಿಲ್ಲ ಎಂದು ಮಾತಾಜಿ ಖಂಡಿತ ಹೇಳಿದ್ದಾರೆ. ಕುಸುಮ ಕೊಟ್ಟಾಯಿತು. ಉಳಿದವನು ನಾನು. ನಾನು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಈ ವಯಸ್ಸಿನಲ್ಲಿ ಒಂದೇ ಬಿಳಿ ಸೀರೆ, ಬರಿಗಾಲು, ಹಾಸಿಗೆಯಿಲ್ಲ, ತಲೆಗೂದಲನ್ನು ಕೈಯಾರೆ ಕಿತ್ತುಕೊಳ್ಳಬೇಕು. ಮತ್ತೆ ಬದುಕಿರುವ ತನಕ ಸ್ನಾನವಿಲ್ಲ. ಊರಿಗೆಲ್ಲ ಮೊದಲು ಎದ್ದು ನೀರು ಕಾಯಿಸುತ್ತಿದ್ದವಳಿಗೆ ಸ್ನಾನವೇ ಇಲ್ಲವಂತೆ!

ಅವಳ ನಸುಹಸಿರು ಸೀರೆ ಹಗ್ಗದ ಮೇಲೆ ಒಣಗಿ ಅಲ್ಲೇ ಇದೆ. ನಮ್ಮ ಮೊದಲನೇ ಮಗ್ಗದಲ್ಲಿ ನೆಯ್ದದ್ದು. ಇರಲಿ, ತಿರುಗಿ ಬಂದಾಗ ಬೇಕಾಗುತ್ತದೆ.

ಇವತ್ತು ಮೊದಲ ಸಲ ನೀರು ಕಾಯಿಸುವ ಬಂಬು ಹಚ್ಚಿದೆ. ಬರೀ ಹೊಗೆ.

೨೫ ನವೆಂಬರ್

ಹುಟ್ಟಿದಾಗಿನಿಂದ ಕಂಡ ಬಂಬು, ಅದರ ಒಳಗಿನ ಲೆಕ್ಕಾಚಾರ ಈಗ ತಿಳಿಯಿತು. ತಾಮ್ರದ ದೊಡ್ಡ ಡಬ್ಬಿ. ನಟ್ಟನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು. ತಲೆಯ ಮೇಲೆ ಒಂದು ಲಾಳಿಕೆ, ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಮೂತಿ. ಲಾಳಿಕೆಗೆ ತಣ್ಣೀರು ಹೊಯ್ದರೆ ಅದು ಸಣ್ಣ ನಳಿಗೆಯಲ್ಲಿ ಸೀದಾ ತಳಕ್ಕಿಳಿಯುತ್ತದೆ. ಮೇಲಿರುವ ಬಿಸಿನೀರನ್ನು ಮೂತಿಯಿಂದ ಹೊರಗೆ ನೂಕುತ್ತದೆ. ಒಂದು ಕೊಡ ಹಾಕಿದರೆ ಒಂದು ಕೊಡ ಬರುತ್ತದೆ. ಹಾಕದಿದ್ದರೆ ಒಳಗೆ ಕುದಿಯುತ್ತಿದ್ದರೂ ಹನಿ ಬರುವುದಿಲ್ಲ.

ನೀರು ಸೋಸುವುದು ಮಾತ್ರ ಒಬ್ಬನ ಕೈಲಾಗುವ ಕೆಲಸವಲ್ಲ. ಸೋಸದ ನೀರು ಬಂಬಿಗೆ ಹಾಕುವ ಮನೆಯಲ್ಲ ನಮ್ಮದು. ಅರಿವೆಯನ್ನು ಇಮ್ಮಡಿ ಮಾಡಿ ಕೊಡದ ಬಾಯಿಗೆ ಹಿಡಿಯಬೇಕು, ಮೇಲಿಂದ ನೀರು ಹೊಯ್ಯಬೇಕು. ಹಿಡಿದರೆ ಹೊಯ್ಯಲಾಗದು, ಹೊಯ್ದರೆ ಹಿಡಿಯಲಾಗದು. ಅಕ್ಕ ಒಬ್ಬಳೇ ಅದನ್ನು ಹೇಗೆ ಮಾಡುತ್ತಿದ್ದಳೋ, ನಾನು ಒಂದು ದಿನವೂ ನಿಂತು ನೋಡಲಿಲ್ಲ.

ಕೊನೆಗೆ ಯುಕ್ತಿ ಹೊಳೆಯಿತು. ಅರಿವೆಯನ್ನು ಲಾಳಿಕೆಯ ಬಾಯಿಗೇ ದಾರದಿಂದ ಕಟ್ಟಿಬಿಟ್ಟೆ. ಇನ್ನು ಸೀದಾ ಬಾವಿಯ ಕೊಡವನ್ನೇ ಹೊಯ್ಯಬಹುದು. ಅರವತ್ತು ವರ್ಷದ ಬುದ್ಧಿ ಎಂದರೆ ಇದು ಎಂದುಕೊಂಡೆ.

ಅಕ್ಕ ತನ್ನ ಸೋಸುವ ಅರಿವೆ ಒಯ್ದಿದ್ದಾಳೆ. ನಮ್ಮ ಮಗ್ಗದ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಇಳಿಯುವುದಿಲ್ಲ. ಹಳೆಯ ನೂಲೇ ಬೇಕು. ಹಸಿರು ಸೀರೆಯ ಒಳಗಿನ ತುದಿಯಿಂದ ಒಂದು ತುಂಡು ಹರಿದುಕೊಂಡೆ. ಉಟ್ಟರೆ ಗೊತ್ತೇ ಆಗುವುದಿಲ್ಲ.

೨ ಡಿಸೆಂಬರ್

ಬಂಬಿಗೆ ಹುಚ್ಚು ಹಿಡಿದಿದೆ. ಮೊನ್ನೆ ಬೆಂಕಿಯಂಥ ನೀರು ಧಾರೆಧಾರೆಯಾಗಿ ಬಂತು. ನಿನ್ನೆ ಮೂತಿಯಿಂದ ಬೆಕ್ಕಿನ ಬಾಲದಷ್ಟು ಸಣ್ಣ ಧಾರೆ. ಇವತ್ತು ಲಾಳಿಕೆಗೆ ಹೊಯ್ದದ್ದು ಒಳಗೆ ಇಳಿಯದೆ ನನ್ನ ಕಾಲ ಮೇಲೆಯೇ ಚೆಲ್ಲಿತು. ಒಳಗೆ ಗುಳುಗುಳು ಸದ್ದು, ಹೊರಗೆ ಬರೀ ಉಗಿ.

ಉರುವಲು ತಪ್ಪಿರಬೇಕು. ನಿಪಾಣಿಯಿಂದ ತರಿಸಿದ ತಂಬಾಕಿನ ಕಡ್ಡಿ ಹಸಿ ಇದ್ದಂತಿದೆ. ನಾಳೆಯಿಂದ ಸಗಣಿಯ ಕುಳ್ಳು ಹಾಕಿ ನೋಡಬೇಕು.

ಲಾಳಿಕೆಗೆ ಕಟ್ಟಿದ ಅರಿವೆ ಇವತ್ತು ಇರಲಿಲ್ಲ. ದಾರ ಮಾತ್ರ ನೇತಾಡುತ್ತಿತ್ತು. ಬೆಕ್ಕು ಒಯ್ದಿರಬೇಕು, ಮರಿ ಹಾಕುವ ಕಾಲ. ಸೀರೆಯಿಂದ ಇನ್ನೊಂದು ತುಂಡು ಹರಿದೆ. ಇರಲಿ, ನೆರಿಗೆಯಲ್ಲಿ ಮುಚ್ಚುತ್ತದೆ.

೫ ಡಿಸೆಂಬರ್

ತಣ್ಣೀರು ಸ್ನಾನ. ಹಲ್ಲು ಕಟಕಟ. ಬಸದಿಗೆ ಹೋಗಲಿಲ್ಲ.

೧೧ ಡಿಸೆಂಬರ್

ಬಾಳಾಸಾಬ ಬಂದಿದ್ದ. ಹಂಡೆ, ಬಂಬು ಬಡಿಯುವುದು, ಕಲಾಯಿ ಹಾಕುವುದು ಅವನ ಮನೆತನದ ಕೆಲಸ. ಕೈಗಿಂತ ಬಾಯಿ ಮುಂದೆ.

"ಬಾಪುಸಾಹೇಬ್ರ, ಈ ಬಂಬ ನಮ್ಮ ಅಜ್ಜ ಬಡದದ್ದ್ರಿ. ಇದಕ್ಕ ರೋಗಾ ಬರಂಗಿಲ್ಲ. ಬಂದ್ರ ನಿಮಗ ಬಂದಿರಬೇಕ."

"ನನಗ ಬಂದ್ರ ಡಾಕ್ಟರ್ ಕರೀತಿದ್ದೆ. ನೀ ಬಂಬ ನೋಡೋ ಮಾರಾಯಾ."

ಬೆಂಕಿಯ ಕೊಳವೆಯೊಳಗೆ ತೆಂಗಿನ ಪೊರಕೆ ಹಾಕಿ ತಿಕ್ಕಿದ. ಮಸಿ ಇಬ್ಬರ ಮುಖಕ್ಕೂ ಬಂತು. ತಳ ಬಡಿದು ಕಿವಿ ಕೊಟ್ಟು ಕೇಳಿದ. ನಮ್ಮ ಬಾವಿಯ ನೀರು ಉಪ್ಪು, ಒಳಗೆ ಪದರು ಕಟ್ಟಿದೆ ಎಂದು ಹುಣಸೆಹಣ್ಣಿನ ನೀರು ಹಾಕಿ ಕುದಿಸಲು ಹೇಳಿದ. ಎಲ್ಲ ಮುಟ್ಟಿದ, ಲಾಳಿಕೆಯನ್ನು ಬಿಟ್ಟು. "ಅದೂ ಒಂದ ಸಲ ನೋಡಪಾ" ಎಂದೆ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡುಬಿಟ್ಟ.

"ಅಲ್ಲಿ ನಿಮ್ಮ ಧರ್ಮದ ಅರಿವಿ ಕಟ್ಟೀರಿ. ನನ್ನ ಕೈ ಮಸಿ. ನಾ ಅದನ್ನ ಮುಟ್ಟಂಗಿಲ್ಲರಿ. ಕಮಲಾಬಾಯಾರು ಇದ್ದಾಗೂ ನಾ ಎಂದೂ ಮುಟ್ಟಿಲ್ಲ."

ಎಂಥ ದೊಡ್ಡ ಮನಸ್ಸು. ಚಹಾ ಮಾಡಿಕೊಟ್ಟೆ. ಕುಡಿಯುತ್ತ ಅಂದ: "ಖರೇ ಹೇಳ್ಲ್ಯಾ? ಈ ಬಂಬ ಹದಿನಾಲ್ಕ ಮಂದಿ ಮನಿಗೆ ಮಾಡಿದ್ದ್ರಿ. ಒಬ್ಬ ಮನಿಶಾಗ ಇದಕ್ಕ ಉರಿಯಾಕ ಮನಸ ಬರಾಕಿಲ್ಲ."

ಅವನು ಹೋದ ಮೇಲೆ ಅದೇ ಮಾತು ತಲೆಯಲ್ಲಿ ಉಳಿಯಿತು. ಹದಿನಾಲ್ಕು ಮಂದಿ ಇದ್ದ ಮನೆಯೇ ಇದು. ಅಪ್ಪ, ಕಾಕಂದಿರು ಹೋದರು, ಕಾಕಂದಿರ ಮಕ್ಕಳು ಹೊಲದಲ್ಲಿ ಮನೆ ಕಟ್ಟಿಕೊಂಡರು. ನನ್ನ ಹೆಂಡತಿ ಲಕ್ಷ್ಮಿಬಾಯಿ ಚೊಚ್ಚಲ ಬಾಣಂತನದಲ್ಲೇ ಹೋದಳು, ಕೂಸೂ ಉಳಿಯಲಿಲ್ಲ. ಅಕ್ಕ ಇದ್ದುದರಿಂದ ಮನೆ ಖಾಲಿಯಾದದ್ದು ನನಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಹುಣಸೆಹಣ್ಣು ಕುದಿಸಿದೆ. ಬಚ್ಚಲೆಲ್ಲ ಸಾರಿನ ವಾಸನೆ. ನೀರು ಹಾಗೆಯೇ.

ಮಧ್ಯಾಹ್ನ ಕುಸುಮಳ ಪತ್ರ. ಮಾತಾಜಿಯವರು ಫೆಬ್ರವರಿಯಲ್ಲಿ ಮುಹೂರ್ತ ನೋಡಿದ್ದಾರಂತೆ. "ಅಣ್ಣಾ, ನಿನ್ನ ಒಂದು ಮಾತಿಗಾಗಿ ಅಕ್ಕ ಕಾದಿದ್ದಾಳೆ" ಎಂದು ಬರೆದಿದ್ದಾಳೆ. ಕಾಯಲಿ. ನಾನೂ ಕಾಯುತ್ತಿದ್ದೇನೆ.

೧೯ ಡಿಸೆಂಬರ್

ಹೊಸ ಉಪಾಯ. ಲಾಳಿಕೆ ನೀರು ಕುಡಿಯದಿದ್ದರೆ ಬೇಡ. ಬಂಬಿನ ತಲೆಯ ಮೇಲೆ ಒಳಗೆ ತೊಳೆಯಲೆಂದು ಮಾಡಿದ ಮುಚ್ಚಳವಿದೆ. ಅದನ್ನು ತೆಗೆದು ಸೋಸಿದ್ದೋ ಸೋಸದ್ದೋ ಅಲ್ಲಿಂದಲೇ ಸುರಿದೆ. ನೀರು ಧಾರಾಳ ಬಂತು, ಆದರೆ ಉಗುರುಬೆಚ್ಚಗೆ. ತಣ್ಣೀರು ಮೇಲೆಯೇ ಬಿದ್ದು ಬಿಸಿನೀರಿನ ಜೊತೆ ಕಲೆತು ಮೂತಿಗೆ ಬರುತ್ತದೆ, ಬೇರೇನು.

ಪಕ್ಕದ ಮನೆಯ ಕಾಳವ್ವ ಗೋಡೆಯ ಆಚೆಯಿಂದ ಇಣುಕಿದಳು. ಅವಳ ಎಮ್ಮೆಯ ಹಾಲು ನಮ್ಮ ಮನೆಗೆ; ಅವಳ ನಾಲಗೆಯೂ ಅದರ ಜೊತೆಗೇ ಬರುತ್ತದೆ.

"ಏನಣ್ಣಾ, ಮುಂಜಾನಿಂದ ಹೊಗಿ ಹಾಕಾಕತ್ತೀರಿ? ಸೊಳ್ಳಿ ಓಡಸಾಕತ್ತೀರೋ ಏನ ಜಳಕಾ ಮಾಡಾಕತ್ತೀರೋ?"

"ಬಂಬ ಕೆಟ್ಟೈತಿ, ಕಾಳವ್ವಾ."

"ಬಂಬ ಎಲ್ಲಿ ಕೆಡತೈತ್ರಿ? ಅಕ್ಕಾರ ಕೈ ಬಿಟ್ಟ ಹೋಗೇತಿ, ಅದಕ್ಕ ಸಿಟ್ಟ. ಗಂಡಸರ ಕೈಗೆ ಅದ ಎಲ್ಲಿ ಬಗ್ಗತೈತಿ!"

ಅವಳ ಮಗಳು ಮಂಗಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ತಿಂಗಳು ತುಂಬಿದೆ. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಬೇಕು, ಅವರ ಮನೆಯಲ್ಲಿ ಇರುವುದು ಒಂದು ಸಣ್ಣ ಪಾತ್ರೆ. "ಅಕ್ಕಾರ ಇದ್ದಿದ್ರ ನಮಗ ಚಿಂತಿ ಇರತಿದ್ದಿಲ್ಲ" ಎಂದಳು.

ಎರಡನೇ ಅರಿವೆಯೂ ಮಾಯ. ಬೆಕ್ಕಿನ ಗೂಡು ಹುಡುಕಿದೆ, ಅಲ್ಲಿ ಬರೀ ಗೋಣಿತಾಟು. ಈ ಸಲ ಸೆರಗಿನಿಂದಲೇ ದೊಡ್ಡ ತುಂಡು ಹರಿದು ಬಿಗಿಯಾಗಿ ಕಟ್ಟಿದ್ದೇನೆ. ಸೆರಗು ಹೋದರೆ ಹೋಯಿತು, ಬಂದ ಮೇಲೆ ಇನ್ನೊಂದು ನೆಯ್ದು ಕೊಟ್ಟರಾಯಿತು.

೨೭ ಡಿಸೆಂಬರ್

ಕರೆಂಟು ಇಲ್ಲ. ಮಗ್ಗ ನಿಂತಿದೆ, ಓಣಿಯ ಎಲ್ಲ ಮಗ್ಗಗಳೂ ನಿಂತಿವೆ. ಸದ್ದು ಇದ್ದಾಗ ಬೇಸರ ಕಾಣುವುದಿಲ್ಲ.

೬ ಜನವರಿ ೧೯೮೮

ಕಾಗವಾಡಕ್ಕೆ ಹೋಗಿ ಬಂದೆ.

ಹೋಗಬಾರದೆಂದಿದ್ದೆ. ಆದರೆ ಬಂಬಿನ ವಿಷಯ ಅವಳನ್ನು ಬಿಟ್ಟು ಯಾರನ್ನು ಕೇಳುವುದು? ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಕೃಷ್ಣೆಯ ಸೇತುವೆ ದಾಟಿ ಮುಟ್ಟುವಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಒಂದು ಮಾತು ಮನಸ್ಸಿನಲ್ಲಿ ಕಟ್ಟಿಕೊಂಡೇ ಹೋಗಿದ್ದೆ, ಅದನ್ನು ಅಂದರೆ ಅವಳು ಎದ್ದು ಬರಲೇಬೇಕು ಎಂಬ ಧೈರ್ಯ ನನಗಿತ್ತು.

ಅಕ್ಕ ಬಸದಿಯ ಹಿಂದಿನ ಬಾವಿಯ ಕಟ್ಟೆಯ ಮೇಲೆ ಇದ್ದಳು. ಬಿಳಿ ಸೀರೆ. ಬಡವಾಗಿದ್ದಾಳೆ, ಆದರೆ ಮೊಣಕಾಲು ಮಡಚಿ ಕೂತಿದ್ದಳು. ಮನೆಯಲ್ಲಿ ಹಾಗೆ ಕೂರಲು ಆಗುತ್ತಿರಲಿಲ್ಲ. ನೀರು ಸೋಸುತ್ತಿದ್ದಳು. ಅರಿವೆಯ ನಡುವೆ ಒಂದು ಗುಂಡುಕಲ್ಲು ಇಟ್ಟು ಕೊಡದ ಬಾಯೊಳಗೆ ತಗ್ಗು ಮಾಡಿ, ಅಂಚುಗಳನ್ನು ಕೊರಳ ಸುತ್ತ ಬಿಗಿದು ಕಟ್ಟಿದ್ದಳು. ಎರಡೂ ಕೈ ಖಾಲಿ! ಸಾವಕಾಶ ಹೊಯ್ಯುತ್ತಿದ್ದಳು. ಇಷ್ಟೇಯೋ ಅದು ಎನ್ನಿಸಿತು.

"ಬಾರೋ ಬಾಪೂ. ಉಂಡ ಬಂದ್ಯೋ, ಹಂಗ ಬಂದ್ಯೋ?"

"ಬಂಬ ಕೆಟ್ಟೈತಿ" ಎಂದೆ. ಅದೇ ಮೊದಲು ಬಾಯಿಗೆ ಬಂತು.

"ಬಂಬ ಕೆಟ್ಟೈತಿ ಅಂತ ಹೇಳಾಕ ಹೊಳಿ ದಾಟಿ ಬಂದ್ಯಾ? ಬಾಳಾಸಾಬ ಸತ್ತಾನೇನ?"

"ಅವನೂ ನೋಡಿದಾ. ನೀ ಒಂದ ಸಲ ಬಂದ ನೋಡ."

ಅವಳು ಕೊಡದ ಮೇಲಿನ ಅರಿವೆ ಬಿಚ್ಚಿದಳು. ತಿರುಗಿಸಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನೆಲ್ಲ ಒಂದು ತಂಬಿಗೆಗೆ ಇಳಿಸಿದಳು. ತಂಬಿಗೆಯನ್ನು ಹಗ್ಗದಲ್ಲಿ ಬಾವಿಯ ನೀರಿನ ತನಕ ಇಳಿಬಿಟ್ಟು ಅಲ್ಲಿ ಮಗುಚಿದಳು. ಮೇಲಿನಿಂದ ಎಸೆದರೆ ಅವಕ್ಕೆ ಪೆಟ್ಟಾಗುತ್ತದೆ ಎಂದು ಚಿಕ್ಕಂದಿನಲ್ಲಿ ನಮಗೆ ಹೇಳುತ್ತಿದ್ದಳು.

"ಮನ್ಯಾಗ ನೀರ ಸೋಸಾಕತ್ತೀಯಿಲ್ಲ?"

"ಸೋಸತೀನಿ."

"ಉಳದದ್ದು?"

"ಬಾವಿಗೇ ಬಿಡತೀನಿ" ಎಂದೆ. ಅರಿವೆ ಒಂದು ದಿನವಾದರೂ ಬಿಚ್ಚಿ ತೊಳೆದಿದ್ದರಲ್ಲವೇ ಬಿಡುವುದು. ಆದರೆ ನನ್ನ ಮಾತಿಗೆ ಅದೇ ದಾರಿ ಮಾಡಿಕೊಟ್ಟಿತು.

"ಅಕ್ಕಾ, ಹುಳಾನೂ ತಂದ ಬಾವಿಗೇ ತಿರುಗಿ ಬಿಡಬೇಕ, ಬ್ಯಾರೆ ಬಾವಿಗೆ ಬಿಟ್ರ ಬದಕಂಗಿಲ್ಲ ಅಂತ ಕಲಿಸಿದಾಕಿ ನೀನ. ನಿನ್ನ ಬಾವಿ ಬೋರಗಾಂವದಾಗ ಐತಿ. ಏಳ. ಮೂರ ಗಂಟೆಕ್ಕ ಬಸ್ ಐತಿ."

ಅಕ್ಕ ಅರಿವೆ ಹಿಂಡಿದಳು. ಆಮೇಲೆ ನಕ್ಕಳು.

"ಅವ್ವ ತೀರಿಕೊಂಡ ವರ್ಷ ನಮ್ಮೂರಿಗೆ ಒಬ್ಬರು ಮಾತಾಜಿ ಬಂದಿದ್ರು, ನಿನಗ ನೆನಪ ಇರಾಕಿಲ್ಲ. ನಾ ಆಗ ಗಂಡನ್ನ ಕಳಕೊಂಡ ಬಂದ ಹೊಸದು. ಅವರ ಕೂಡ ಹೋಗೂದಂತ ಗಂಟ ಕಟ್ಟಿ ಇಟ್ಟಿದ್ನಿ. ಅಪ್ಪನೂ ಹೂಂ ಅಂದಿದ್ದ. ಮುಂಜಾನೆದ್ದ ಹೊರಡಬೇಕ, ನೀ ಬಚ್ಚಲ ಬಾಗಲದಾಗ ಅಂಗಿ ಬಿಚ್ಚಿ ನಿಂತಿದ್ದಿ, ಗಡಗಡ ನಡಗಕೋತ. 'ಅಕ್ಕಾ, ನೀರ ಕಾಯಿಸು' ಅಂದಿ. ಇದೊಂದ ಸಲ ಕಾಯಿಸಿಕೊಟ್ಟ ಹೋದ್ರಾತು ಅಂತ ಬಂಬ ಹಚ್ಚಿದ್ನಿ."

ಅರಿವೆ ಝಾಡಿಸಿ ಕಟ್ಟೆಯ ಮೇಲೆ ಹರವಿದಳು.

"ಇನ್ನೂ ಉರ್ಯಾಕತ್ತೈತಿ ನೋಡ ಅದು."

ನನಗೆ ಅದು ನೆನಪಿಲ್ಲ. ನೆನಪಿಲ್ಲ ಎಂದೇ ಹೇಳಿದೆ. "ನಿನಗ್ಯಾಕ ನೆನಪ ಇರಬೇಕ? ನೀ ಒಂಬತ್ತ ವರ್ಷದವ" ಎಂದಳು. ನನ್ನ ಚೀಲದಲ್ಲಿ ಶೇಂಗಾ ಉಂಡಿ ಒಯ್ದಿದ್ದೆ, ಕೊಟ್ಟೆ. ಸಂಘದ ಬೇರೆ ಹೆಂಗಸರಿಗೆ ಹಂಚಿಬಿಟ್ಟಳು. ಪರವಾನಗಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸಿನ ತನಕ ಬಂದು, ಕಿಟಕಿಯಲ್ಲಿ ಕೈ ಹಾಕಿ ನನ್ನ ಮಫ್ಲರ್ ಸರಿಮಾಡಿದಳು.

ಕಿಟಕಿಯ ಪಕ್ಕ ಕೂತದ್ದಕ್ಕೋ ಏನೋ, ನೆಗಡಿಯಾಗಿದೆ. ಮೂಗು, ಕಣ್ಣು ಎರಡರಲ್ಲೂ ನೀರು.

೮ ಜನವರಿ

ಸಿಕ್ಕಿತು! ಬಂಬಿನ ರೋಗ ಸಿಕ್ಕಿತು!

ಅಕ್ಕನ ಮುಂದೆ ಬಾವಿಗೆ ಬಿಡುತ್ತೇನೆ ಎಂದುಬಿಟ್ಟಿದ್ದೆನಲ್ಲ, ಅಂದ ಮೇಲೆ ಮಾಡಬೇಕಾಯಿತು. ಬೆಳಿಗ್ಗೆ ತಂಬಿಗೆ ಹಿಡಿದು ಲಾಳಿಕೆಯ ಅರಿವೆ ಬಿಚ್ಚಲು ಹೋದರೆ ಅರಿವೆ ಇಲ್ಲ, ದಾರ ಮಾತ್ರ. ಬೆಕ್ಕನ್ನು ಬೈಯಬೇಕೆಂದು ಬಾಯಿ ತೆಗೆದವನು ಹಾಗೇ ಬಗ್ಗಿ ಲಾಳಿಕೆಯ ಒಳಗೆ ನೋಡಿದೆ. ಆಳದಲ್ಲಿ ಏನೋ ಹಸಿರು.

ಮಗ್ಗದ ತಂತಿಗೆ ಕೊಕ್ಕೆ ಬಗ್ಗಿಸಿ ಇಳಿಬಿಟ್ಟೆ. ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಎಳೆದೆ. ಸೆರಗಿನ ತುಂಡು ಬಂತು, ಅದರ ಹಿಂದೆ ಇನ್ನೊಂದು, ಅದರ ಬಾಲ ಹಿಡಿದು ಮತ್ತೊಂದು, ಹುರಿಗೊಂಡ ಹಸಿರು ಹಗ್ಗದ ಹಾಗೆ. ನೀರಿನ ಭಾರಕ್ಕೆ ದಾರ ಸಡಿಲಾಗಿ ಅರಿವೆಗಳು ಒಂದೊಂದಾಗಿ ನಳಿಗೆಯೊಳಗೆ ಇಳಿದಿದ್ದವು. ನೀರು ತಳ್ಳಿದಾಗ ಸಂದು ಬಿಟ್ಟರೆ ಬಿಸಿನೀರು, ಮಡಚಿ ಕೂತರೆ ಒಂದು ಹನಿ ಇಲ್ಲ. ಒಂದು ತಿಂಗಳು ಕಡ್ಡಿ ಬೈದೆ, ಕುಳ್ಳು ಬೈದೆ, ಬೆಕ್ಕು ಬೈದೆ. ಪಾಪ, ಬೆಕ್ಕಿಗೆ ಇವತ್ತು ಹಾಲು ಹಾಕಿದೆ.

ಬಚ್ಚಲ ಕಟ್ಟೆಯ ಮೇಲೆ ಆ ತುಂಡುಗಳನ್ನು ಒಂದರ ಪಕ್ಕ ಒಂದು ಹರವಿದೆ. ಅರ್ಧ ಸೀರೆ.

ಒಂದು ಕೊಡ ಹೊಯ್ದೆ, ಒಂದು ಕೊಡ ಬಂತು. ಬುಡಬುಡ ಎಂದು, ಸುಡುಸುಡು. ಬಕೀಟು ತುಂಬಿತು. ತುಂಬಿದ ಮೇಲೂ ನಾನು ಹೊಯ್ಯುತ್ತಲೇ ಇದ್ದೆ, ಬಚ್ಚಲೆಲ್ಲ ಉಗಿ. "ಬಂತ ನೋಡ!" ಎಂದು ಕೂಗಿದೆ. ಆಮೇಲೆ ಯಾರಿಗೆ ಕೂಗಿದೆನೆಂದು ನೆನಪಾಯಿತು.

೧೭ ಜನವರಿ

ಸಂಕ್ರಮಣದ ದಿನವೇ ಮಂಗಲ ಹೆತ್ತಳು. ಹೆಣ್ಣು. ಅದರ ಮರುದಿನದಿಂದ ನನಗೆ ಶಿಕ್ಷೆ ಶುರುವಾಗಿದೆ. ಹೊತ್ತು ಹುಟ್ಟುವ ಮೊದಲೇ ಕಾಳವ್ವ ಕೊಡ ಹಿಡಿದು ಹಿತ್ತಲ ಬಾಗಿಲಿಗೆ ಬರುತ್ತಾಳೆ.

"ಅಣ್ಣಾ, ಕಾದೈತೇನ್ರಿ?"

"ಕಾಯಾಕ ಬಿಡ, ಈಗ ಹಚ್ಚೀನಿ."

"ಅಕ್ಕಾರ ಇದ್ದಾಗ ಇಷ್ಟೊತ್ತಿಗೆ ಎರಡ ಸಲ ಕಾಯತಿತ್ತು."

"ಅಕ್ಕಾರ ಸಂಘದಾಗ ಅದಾರ. ಅಲ್ಲಿಗೇ ಹೋಗ, ಕೊಡ ತಗೊಂಡ."

"ಅಯ್ಯ, ಎಷ್ಟ ಸಿಟ್ಟ! ಬಾಣಂತಿ ನೀರಿಗೆ ಸಿಟ್ಟ ಬೆರಸಬ್ಯಾಡ್ರಿ, ಕೂಸಿಗೆ ಹೊಟ್ಟಿ ನೋಯತೈತಿ."

ಇವಳ ಕಾಟಕ್ಕೆ ನಸುಕಿನಲ್ಲೇ ಏಳಬೇಕಾಗಿದೆ. ಗುಂಡುಕಲ್ಲು ಇಟ್ಟು ನೀರು ಸೋಸಬೇಕು, ಅರಿವೆ ತೊಳೆದು ಬಾವಿಗೆ ಬಿಡಬೇಕು, ಬೆಂಕಿ ಹಚ್ಚಬೇಕು. ಮೊದಲು ತಂಬಾಕಿನ ಕಡ್ಡಿ, ಆಮೇಲೆ ಕುಳ್ಳು, ಹೊಗೆ ಕಡಿಮೆ. ನಾನು ಲಾಳಿಕೆಗೆ ಹೊಯ್ಯುತ್ತೇನೆ, ಅವಳು ಮೂತಿಗೆ ಕೊಡ ಹಿಡಿಯುತ್ತಾಳೆ. ಬಾಯಿಗೆ ಬಿಡುವಿಲ್ಲ. ಮುಗಿಯುವುದರೊಳಗೆ ಬೆಳಕಾಗಿರುತ್ತದೆ, ಮಗ್ಗ ಹಚ್ಚುವುದು ತಡವಾಗುತ್ತದೆ. ಡೈರಿ ಬರೆಯಲೂ ಪುರಸತ್ತಿಲ್ಲ.

ಗೋಡೆಯ ಆಚೆ ಕೂಸಿಗೆ ನೀರು ಹಾಕುವಾಗ ಅದು ಕಿರುಚುತ್ತದೆ. ಆಮೇಲೆ ಬಿಸಿ ತಾಗಿ ಒಮ್ಮೆಲೇ ಸುಮ್ಮನಾಗುತ್ತದೆ. ಅಲ್ಲಿಯ ತನಕ ನಾನು ಮಗ್ಗ ಹಚ್ಚುವುದಿಲ್ಲ.

೨೬ ಜನವರಿ

ಕೂಸಿಗೆ ಸುತ್ತಲು ಮೆತ್ತಗಿನ ಹಳೆಯ ನೂಲಿನ ಅರಿವೆ ಇದೆಯೇ ಎಂದು ಕಾಳವ್ವ ಕೇಳಿದಳು. ಹಗ್ಗದ ಮೇಲಿದ್ದ ಅರ್ಧ ಸೀರೆ ತೆಗೆದುಕೊಟ್ಟೆ. ಸೋಸಲು ಒಂದು ತುಂಡು ಇಟ್ಟುಕೊಂಡಿದ್ದೇನೆ, ಅಷ್ಟು ಸಾಕು.

ಕುಸುಮಳ ಮತ್ತೊಂದು ಪತ್ರ. ಮುಹೂರ್ತ ಹತ್ತಿರ ಬಂತು, ಅಕ್ಕ ನಿನ್ನನ್ನು ಒತ್ತಾಯ ಮಾಡಬೇಡ ಎಂದಿದ್ದಾಳೆ, ನಾನೂ ಮಾಡುವುದಿಲ್ಲ ಎಂದು ಬರೆದಿದ್ದಾಳೆ. ಒತ್ತಾಯ ಮಾಡಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು.

ಹಗ್ಗ ಖಾಲಿ ಕಾಣುತ್ತದೆ. ನನ್ನ ಪಂಚೆ ಹರವಿದೆ.

೩೧ ಜನವರಿ

ಇವತ್ತು ಬಾವಿಗೆ ತಂಬಿಗೆ ಇಳಿಬಿಟ್ಟು ಸುಮ್ಮನೆ ನಿಂತಿದ್ದೆ. ಮಗುಚಿದ ಮೇಲೂ ಹಗ್ಗ ಮೇಲೆಳೆಯಲಿಲ್ಲ. ಕಾಳವ್ವ "ಬಿತ್ತೇನ್ರಿ ತಂಬಗಿ?" ಎಂದು ಕೂಗಿದಳು. ಇಲ್ಲ ಎಂದೆ.

೨ ಫೆಬ್ರವರಿ

ಇದನ್ನು ಇಲ್ಲಿ ಬರೆದುಕೊಂಡು, ಆಮೇಲೆ ನೀಲಿ ಇನ್‌ಲ್ಯಾಂಡಿಗೆ ಇಳಿಸುತ್ತೇನೆ. ಅದರಲ್ಲಿ ಕಾಟು ಹಾಕಿದರೆ ಅಕ್ಕನಿಗೆ ಹಿಡಿಸುವುದಿಲ್ಲ.

ಕಮಲಕ್ಕನಿಗೆ ಬಾಪುವಿನ ಜಯ ಜಿನೇಂದ್ರ.

ನಿನ್ನ ಮೊಣಕಾಲು ಕೇಳುವುದಿಲ್ಲ, ನಾನೇ ನೋಡಿ ಬಂದೆ, ಚೆನ್ನಾಗಿದೆ. ಬಂಬು ಸರಿಯಾಯಿತು. ಬಾಳಾಸಾಬನಿಂದ ಅಲ್ಲ, ನನ್ನಿಂದ, ಕೆಟ್ಟದ್ದೂ ನನ್ನಿಂದಲೇ. ನಿನ್ನ ಹಸಿರು ಸೀರೆಯನ್ನು ಅದಕ್ಕೆ ತಿನ್ನಿಸಿದ್ದೆ. ಉಳಿದದ್ದನ್ನು ಕಾಳವ್ವನ ಮೊಮ್ಮಗಳು ಸುತ್ತಿಕೊಂಡು ಮಲಗಿದ್ದಾಳೆ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ದೀಕ್ಷೆಯಲ್ಲಿ ನಿನಗೆ ಹೊಸ ಹೆಸರು ಬಂದ ಮೇಲೆ ಈ ಹೆಸರು ಖಾಲಿಯೇ ಇರುತ್ತದಲ್ಲ, ಅದನ್ನೇ ಇಡೋಣವೇ ಎಂದು ಕಾಳವ್ವ ಕೇಳುತ್ತಿದ್ದಾಳೆ. ಅವಳ ಬಾಯಿ ನಿನಗೆ ಗೊತ್ತಲ್ಲ. ನಾನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಅಲ್ಲಿ ಬಂದ ದಿನ, ಉಳಿದದ್ದನ್ನು ಬಾವಿಗೆ ಬಿಡುತ್ತೇನೆ ಎಂದದ್ದು ಸುಳ್ಳು. ಈಗ ಬಿಡುತ್ತಿದ್ದೇನೆ, ದಿನವೂ, ನೀರು ಮುಟ್ಟುವ ತನಕ ಇಳಿಸಿ. ಕೈಗೆ ರೂಢಿಯಾಗಿದೆ. ಬಿಡುವಾಗ ಒಂದು ಮಾತು ತಿಳಿಯಿತು. ನಿನ್ನ ಬಾವಿ ಬೋರಗಾಂವದಲ್ಲಿದೆ ಎಂದು ಅಂದೆನಲ್ಲ, ನನ್ನ ಲೆಕ್ಕ ತಪ್ಪಿತ್ತು. ನಿನ್ನನ್ನು ಎಲ್ಲಿಂದ ಸೇದಿದ್ದು ಎಂದು ಸೇದಿದವನಿಗೆ ನೆನಪಿರಲಿಲ್ಲ, ಅಷ್ಟೇ. ಒಂಬತ್ತು ವರ್ಷದವನು.

ನನ್ನ ಪರವಾನಗಿ ಇದೆ, ಅಕ್ಕಾ. ಮಾತಾಜಿಯವರಿಗೆ ಈ ಪತ್ರವನ್ನೇ ತೋರಿಸು. ಕೆಳಗೆ ಪೂರ್ಣ ಹೆಸರು ಹಾಕುತ್ತೇನೆ. ಆ ದಿನ ಕುಸುಮ, ತಾತ್ಯಾಸಾಹೇಬರ ಜೊತೆ ನಾನೂ ಬರುತ್ತೇನೆ; ಕಾಳವ್ವನಿಗೆ ನೀರು ಕಾಯಿಸಿ ಇಟ್ಟೇ ಬರುತ್ತೇನೆ. ಕೂದಲು ತೆಗೆಯುವಾಗ ಮಾತ್ರ ಹೊರಗೆ ನಿಲ್ಲುತ್ತೇನೆ. ಅದಕ್ಕೆ ನೀನು ಬೇಸರ ಮಾಡಿಕೊಳ್ಳಬಾರದು.

ಇಲ್ಲಿ ಚಳಿ ಇನ್ನೂ ಇದೆ. ನಸುಕಿನಲ್ಲಿ ಏಳುವುದು ಕಷ್ಟವಾಗುತ್ತಿಲ್ಲ.

ದೀಕ್ಷೆಯಾದ ಮೇಲೆ ನೀನು ಯಾರ ಅಕ್ಕನೂ ಅಲ್ಲ, ಯಾರಿಗೂ ಪತ್ರ ಬರೆಯುವುದಿಲ್ಲ ಎಂದು ಕುಸುಮ ಹೇಳಿದಳು. ಇರಲಿ. ಆದರೆ ಅದಕ್ಕೆ ಇನ್ನೂ ಕೆಲವು ದಿನ ಇವೆ, ಮತ್ತು ನಮ್ಮ ಅಂಚೆ ಹೊಳೆ ದಾಟಿ ಬರಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಬರೆಯಲು ಏನೂ ತೋಚದಿದ್ದರೆ, ನೀರು ಕಾದೈತೇನೋ ಬಾಪೂ ಎಂದು ಒಂದು ಕಾರ್ಡಿನಲ್ಲಿ ಕೇಳು, ಸಾಕು. ಇವತ್ತೇ ಬರಿ, ಅಕ್ಕಾ.